ಶೂ ಸರಿಯಾಗಿಯೇ ಇತ್ತು

ನನ್ನ ಕಾಲು ಮುರಿದದ್ದು ಆ ದುಬಾರಿ ಶೂನಿಂದ ಎಂದು ಭದ್ರಾವತಿಯಲ್ಲಿ ಇವತ್ತಿಗೂ ನಂಬಿರುವವರಿದ್ದಾರೆ. ತರಕಾರಿ ಅಂಗಡಿಯಲ್ಲಿ ಬೆಂಡೆಕಾಯಿ ಆರಿಸುತ್ತ ನಿಂತರೆ ಯಾರೋ ಪಕ್ಕಕ್ಕೆ ಬಂದು, "ಆ ಶೂ ಇನ್ನೂ ಇದ್ಯಾ, ಎಸೆದ್ರಾ?" ಎನ್ನುತ್ತಾರೆ. ಕಾಲೇಜಿನ ಸ್ಟಾಫ್ ರೂಮಿಗೆ ಯಾರಾದರೂ ಹೊಸ ಶೂ ಹಾಕಿಕೊಂಡು ಬಂದರೆ ಎಲ್ಲರೂ ನನ್ನ ಮುಖ ನೋಡುತ್ತಾರೆ. ಮೊದಮೊದಲು ನಿಂತು ವಿವರಿಸುತ್ತಿದ್ದೆ. ಆಮೇಲೆ ಸಾಕಾಯಿತು. ಒಂದು ಸಲ ಪೂರ್ತಿ ಬರೆದುಬಿಡುತ್ತೇನೆ, ಇನ್ನು ಕೇಳಿದವರಿಗೆ ಇದನ್ನೇ ಕೊಟ್ಟರಾಯಿತು. ಅದಕ್ಕಿಂತ ಮುಖ್ಯವಾಗಿ, ಯಾವುದೋ ಆಸ್ಪತ್ರೆಯ ಬೆಂಚಿನಲ್ಲಿ ಫೈಲು ತೊಡೆಯ ಮೇಲಿಟ್ಟುಕೊಂಡು, ಎಲ್ಲರೂ ಏನೂ ಇಲ್ಲ ಎನ್ನುತ್ತಿದ್ದಾರೆ, ನನಗೇ ತಲೆ ಕೆಟ್ಟಿರಬೇಕು ಎಂದುಕೊಳ್ಳುತ್ತಿರುವ ಹೆಂಗಸೊಬ್ಬಳ ಕೈಗೆ ಇದು ಸಿಕ್ಕಬೇಕು. ತಾಯೀ, ನಿನ್ನ ತಲೆ ಸರಿಯಾಗಿದೆ.

ನಾನು ಗಿರಿಜಾ. ಶಿವಮೊಗ್ಗದ ಪಿಯು ಕಾಲೇಜೊಂದರಲ್ಲಿ ಗಣಿತ ಕಲಿಸುತ್ತೇನೆ. ಮನೆ ಭದ್ರಾವತಿಯಲ್ಲಿ, ದಿನಾ ಬಸ್ಸಿನಲ್ಲಿ ಓಡಾಟ. ಗಂಡ ಬಸವರಾಜ್ ಅವರದು ಹಾರ್ಡ್‌ವೇರ್ ಅಂಗಡಿ. ಅತ್ತೆ ನಮ್ಮ ಜೊತೆಗೇ ಇದ್ದಾರೆ.

ನನಗೆ ಓಡುವ ಚಟ ಹತ್ತಿಸಿದವಳು ಸೆಲ್ವಿ. ಉಕ್ಕಿನ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಹುಟ್ಟಿ ಬೆಳೆದ ತಮಿಳಿನವಳು, ನಮ್ಮ ಬೀದಿಯ ಕೊನೆಯಲ್ಲಿ ಬ್ಯೂಟಿ ಪಾರ್ಲರ್ ನಡೆಸುತ್ತಾಳೆ. ವಯಸ್ಸಿನಲ್ಲಿ ನನಗಿಂತ ಸ್ವಲ್ಪ ಚಿಕ್ಕವಳು, ಮಾತಿನಲ್ಲಿ ಬಹಳ ದೊಡ್ಡವಳು. ನಲವತ್ತು ದಾಟಿದ ನನ್ನನ್ನು ಬೆಳಿಗ್ಗೆ ಎಬ್ಬಿಸಿ ಕಾಗದನಗರದ ರಸ್ತೆಗಳಲ್ಲಿ ಮೊದಲು ನಡೆಸಿದಳು, ಆಮೇಲೆ ಓಡಿಸಿದಳು. ಕಾಗದದ ಕಾರ್ಖಾನೆ ನಿಂತ ಮೇಲೆ ಆ ಕಡೆ ವಾಹನಗಳ ಕಾಟವಿಲ್ಲ. ರಸ್ತೆ ಅಗಲ, ನೆರಳು ದಟ್ಟ, ನಾಯಿಗಳೂ ನಮ್ಮನ್ನು ನೋಡಿ ನೋಡಿ ಬೇಸತ್ತು ಅಟ್ಟಿಸಿಕೊಂಡು ಬರುವುದನ್ನು ಬಿಟ್ಟಿದ್ದವು. ಆರು ವರ್ಷ ಹಾಗೆ ಓಡಿ, ಇಪ್ಪತ್ತೊಂದು ಕಿಲೋಮೀಟರಿನ ಹಾಫ್ ಮ್ಯಾರಥಾನನ್ನು ಎರಡು ಗಂಟೆ ನಾಲ್ಕು ನಿಮಿಷಕ್ಕೆ ಮುಗಿಸುವಲ್ಲಿಗೆ ಬಂದು ನಿಂತಿದ್ದೆ. ಆ ನಾಲ್ಕು ನಿಮಿಷ ನನ್ನನ್ನು ಹುಳದಂತೆ ಕೊರೆಯುತ್ತಿತ್ತು. ಒಂದೇ ಒಂದು ಸಲ ಎರಡು ಗಂಟೆಯ ಒಳಗೆ ಓಡಬೇಕು, ಅಷ್ಟೇ ಆಸೆ.

ಶಿವಮೊಗ್ಗದ ಗಾಂಧಿಬಜಾರಿನ ಹತ್ತಿರ ಅಫ್ಸರ್ ಎಂಬುವರ ಸಣ್ಣ ಸ್ಪೋರ್ಟ್ಸ್ ಅಂಗಡಿ. ಅವರೂ ಓಡುವವರೇ. ಒಂದು ಸಂಜೆ ಬಸ್ಸಿಗೆ ಹೊರಟವಳನ್ನು ಕರೆದು ಕೂರಿಸಿ, ಡಬ್ಬಿಯಿಂದ ಕಿತ್ತಳೆ ಬಣ್ಣದ ಶೂ ತೆಗೆದು ನನ್ನ ಕೈಗಿಟ್ಟರು. ಹಪ್ಪಳದಷ್ಟು ಹಗುರ.

"ಮೇಡಂ, ಸೋಲ್ ಒಳಗೆ ಕಾರ್ಬನ್ ಪ್ಲೇಟ್ ಇದೆ. ಕಾಲು ಊರಿದ್ರೆ ಸಾಕು, ಅದೇ ಮುಂದಕ್ಕೆ ನೂಕುತ್ತೆ. ಆದ್ರೆ ರೇಸ್ ದಿನ ಒಮ್ಮೆಗೇ ಹಾಕ್ಕೊಂಡು ಹೋಗ್ಬೇಡಿ. ಮೊದ್ಲು ಟೆಸ್ಟ್ ಮಾಡಿ. ನಿಮ್ಮ ಕಾಲಿಗೆ ಒಗ್ಗುತ್ತಾ, ನಿಜವಾಗ್ಲೂ ಸ್ಪೀಡ್ ಕೊಡುತ್ತಾ, ನೋಡಿ ನನಗೂ ಹೇಳಿ. ನೀವು ಮ್ಯಾಥ್ಸ್ ಟೀಚರು, ನಿಮ್ಮ ಲೆಕ್ಕದ ಮೇಲೆ ನನಗೆ ಭರೋಸ ಇದೆ."

ಈ ಕೊನೆಯ ಮಾತಿಗೆ ನಾನು ಬಿದ್ದೆ. ಮನೆಗೆ ತಂದಾಗ ನಮ್ಮವರು ಶೂವನ್ನು ಬೆಳಕಿಗೆ ಹಿಡಿದು ನೋಡಿ, "ಇದು ಓಡೋಕಾ, ಶೋಕೇಸಲ್ಲಿ ಇಡೋಕಾ?" ಎಂದರು. ಅತ್ತೆ, "ಕಿತ್ತಳೆ ಬಣ್ಣ ಯಾಕೆ ತಂದೆ, ಬೇರೆ ಇರ್ಲಿಲ್ವಾ?" ಎಂದರು.

ನಾನು ಹೆಸರು ಕೊಟ್ಟಿದ್ದ, ಸೋಗಾನೆಯ ವಿಮಾನ ನಿಲ್ದಾಣದ ಕಡೆಗೆ ಹೋಗಿ ಬರುವ ಹಾಫ್ ಮ್ಯಾರಥಾನಿಗೆ ಆರು ವಾರವಿತ್ತು. ನಾನು ಶಾಸ್ತ್ರೋಕ್ತವಾಗಿ ಪರೀಕ್ಷೆಗೆ ಇಳಿದೆ. ಕಾಗದನಗರದ ನೀರಿನ ಟ್ಯಾಂಕಿನಿಂದ ಒಂದು ತಿರುವಿನವರೆಗೆ ಸರಿಯಾಗಿ ಒಂದು ಕಿಲೋಮೀಟರ್ ಅಳೆದು ಸುಣ್ಣದಲ್ಲಿ ಗೆರೆ ಎಳೆದೆವು. ಮಂಗಳವಾರ ಮೊದಲು ಹಳೆಯ ಶೂ, ಆಮೇಲೆ ಹೊಸದು. ಶನಿವಾರ ಮೊದಲು ಹೊಸದು, ಆಮೇಲೆ ಹಳೆಯದು. ದಣಿವಿನ ಲಾಭ ಯಾವುದಕ್ಕೂ ಸಿಗಬಾರದಲ್ಲ. ಸೆಲ್ವಿ ಗೆರೆಯ ಹತ್ತಿರ ಸ್ಟಾಪ್‌ವಾಚ್ ಹಿಡಿದು ನಿಲ್ಲುತ್ತಿದ್ದಳು. ನೋಟ್‌ಬುಕ್ಕಿನಲ್ಲಿ ಎರಡು ಕಾಲಂ.

ಮೊದಲ ವಾರ ಹಳೆಯ ಶೂನಲ್ಲಿ ಐದು ನಿಮಿಷ ಇಪ್ಪತ್ತು ಸೆಕೆಂಡು, ಹೊಸದರಲ್ಲಿ ಐದು ನಿಮಿಷ ಎಂಟು. ಹನ್ನೆರಡು ಸೆಕೆಂಡು! ಸೆಲ್ವಿ ರಸ್ತೆಯಲ್ಲೇ ಕುಣಿದಳು. "ಟೀಚರಕ್ಕ, ಇದು ಶೂ ಅಲ್ಲ, ರಾಕೆಟ್ಟು!" ಓಡುವಾಗ ಯಾರೋ ಹಿಮ್ಮಡಿಯ ಕೆಳಗೆ ಕೈಯಿಟ್ಟು ಎತ್ತಿದಂತಾಗುತ್ತಿತ್ತು. ಅದೊಂದು ವಾರ ನಾನು ಬಹಳ ಸಂತೋಷವಾಗಿದ್ದೆ.

ಎರಡನೇ ವಾರ ಹೊಸ ಶೂನ ಸಮಯ ಐದು ಹನ್ನೆರಡಕ್ಕೆ ಏರಿತು. ಮೂರನೇ ವಾರ ಐದು ಹದಿನೇಳು. ಐದನೇ ವಾರದ ಹೊತ್ತಿಗೆ ಅದು ಹಳೆಯ ಶೂನ ಮೊದಲ ವಾರದ ಸಮಯಕ್ಕಿಂತ ಹಿಂದೆ ಬಿದ್ದಿತ್ತು. ನನಗೆ ರೇಗಿಹೋಯಿತು. ನೇರ ಅಫ್ಸರ್ ಅಂಗಡಿಗೆ ಹೋದೆ.

"ನಿಮ್ಮ ಶೂ ಸತ್ತುಹೋಗಿದೆ. ಐದು ವಾರಕ್ಕೇ ಸೋಲಿನ ಫೋಮ್ ಕುಸಿದಿದೆ."

ಅವರು ಶೂ ಬಗ್ಗಿಸಿ, ಒತ್ತಿ, ಮೂಸಿಯೂ ನೋಡಿದರು. "ಇಲ್ಲ ಮೇಡಂ. ಹೊಸದರ ಥರಾನೇ ಇದೆ. ನಿಮಗೆ ಹುಷಾರಿಲ್ವಾ? ಮುಖ ಬಾಡಿದೆ."

"ನನ್ನ ಮುಖದ ಸುದ್ದಿ ಬಿಡಿ, ಶೂ ಸುದ್ದಿ ಮಾತಾಡಿ" ಎಂದು ಎದ್ದು ಬಂದೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಆ ಇಡೀ ವರ್ಷದಲ್ಲಿ ಸರಿಯಾದ ಪ್ರಶ್ನೆ ಕೇಳಿದ ಮೊದಲ ಮನುಷ್ಯ ಅವರು.

ಹುಷಾರಿರಲಿಲ್ಲ, ನಿಜ. ನೀರಡಿಕೆ ಹೆಚ್ಚಾಗಿತ್ತು. ಒಂದು ಪೀರಿಯಡ್ ಮುಗಿಯುವುದರೊಳಗೆ ಬಾಟಲಿ ಖಾಲಿ, ಪೀರಿಯಡ್ ಮುಗಿದ ತಕ್ಷಣ ಬಾತ್‌ರೂಮಿಗೆ ಓಟ. ಮಧ್ಯಾಹ್ನದ ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಸಮೀಕರಣದ ಅರ್ಧ ಬರೆದು, ಉಳಿದರ್ಧ ಏನೆಂದು ಹೊಳೆಯದೆ ನಿಂತಿದ್ದೂ ಇದೆ. ಕಾರಣವಿಲ್ಲದೆ ಕೋಪ, ಕಾರಣವಿಲ್ಲದೆ ಅಳು. ಸ್ಟಾಫ್ ರೂಮಿನಲ್ಲಿ ಹೇಳಿಕೊಂಡರೆ, "ಮುಟ್ಟು ನಿಲ್ಲೋ ವಯಸ್ಸು, ಹಾಗೇ ಇರುತ್ತೆ" ಎಂದರು. ಮನೆಯಲ್ಲಿ ಹೇಳಿಕೊಂಡರೆ, "ಓಡೋದು ಬಿಡು" ಎಂದರು. ನಲವತ್ತಾರು ವರ್ಷದ ಹೆಂಗಸಿಗೆ ಏನೇ ಆಗಲಿ, ಈ ಎರಡು ಉತ್ತರಗಳು ಮಾತ್ರ ಸಿದ್ಧವಾಗಿರುತ್ತವೆ. ನಾನೂ ಅವನ್ನೇ ನಂಬಿದೆ. ಓಟದ ಹಿಂದಿನ ವಾರ ಬಲ ಪಾದದ ಮೇಲ್ಭಾಗದಲ್ಲಿ ನೋವು ಶುರುವಾದಾಗಲೂ ಯಾರಿಗೂ ಹೇಳಲಿಲ್ಲ.

ಓಟದ ದಿನ ಹದಿಮೂರು ಕಿಲೋಮೀಟರ್ ಹಲ್ಲು ಕಚ್ಚಿ ಓಡಿದೆ. ಹದಿನಾಲ್ಕನೆಯದರಲ್ಲಿ, ಸೋಗಾನೆ ಕಡೆಯಿಂದ ತಿರುಗಿ ಬರುವಾಗ, ಪಾದದೊಳಗೆ ಒಣ ಕಡ್ಡಿ ಮುರಿದಂತಾಯಿತು. ಸದ್ದು ಕೇಳಿಸಿತೋ, ಕೇಳಿಸಿದಂತಾಯಿತೋ ಗೊತ್ತಿಲ್ಲ. ಮುಂದಿನ ಹೆಜ್ಜೆ ಊರಲಾಗಲಿಲ್ಲ. ರಸ್ತೆ ಬದಿಯಲ್ಲಿ ಕುಸಿದು ಕೂತೆ. ಓಡುವವರೆಲ್ಲ ನನ್ನನ್ನು ದಾಟಿ ಹೋಗುತ್ತಿದ್ದರು. ಮುಂದಿದ್ದ ಸೆಲ್ವಿ ಯಾರಿಂದಲೋ ವಿಷಯ ತಿಳಿದು ವಾಪಸ್ ಓಡಿಬಂದಳು. ಅವಳ ಓಟವೂ ಹಾಳಾಯಿತು. ನನ್ನ ಪಕ್ಕದಲ್ಲಿ ಕೂತು ಶೂನ ದಾರ ಬಿಚ್ಚಿದಳು.

ಮೂಳೆ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಪಾದದ ಸಣ್ಣ ಮೂಳೆಯೊಂದರಲ್ಲಿ ಬಿರುಕು ತೋರಿಸಿದರು. ಆಮೇಲೆ ನಮ್ಮವರ ಕೈಯಲ್ಲಿದ್ದ ಶೂ ನೋಡಿದರು. ಅಲ್ಲಿಗೆ ತನಿಖೆ ಮುಗಿಯಿತು.

"ಇದು ಇಪ್ಪತ್ತು ವರ್ಷದವರು ಹಾಕೋ ಶೂ ಮೇಡಂ. ನಿಮಗೆ ಯಾಕೆ ಬೇಕಿತ್ತು? ವಾಕಿಂಗ್ ಮಾಡಿ, ಸಾಕು."

ಕಾಲಿಗೆ ಮೊಣಕಾಲಿನ ಕೆಳಗಿನವರೆಗೆ ಪಟ್ಟಿ, ಕೈಗೆ ಊರುಗೋಲು, ಬಾಯಿಗೆ ದಿನಕ್ಕೆರಡು ಕ್ಯಾಲ್ಸಿಯಂ ಮಾತ್ರೆ. ಜೊತೆಗೆ ವಾರಕ್ಕೊಂದು ವಿಟಮಿನ್ ಡಿ.

ಮರುದಿನವೇ ನಮ್ಮವರು ಶೂ ಡಬ್ಬಿ ಹಿಡಿದು ಅಫ್ಸರ್ ಅಂಗಡಿಗೆ ಹೋದರು. ನಾನು ಬೇಡವೆಂದು ಗೋಗರೆದೆ, ಕೇಳಲಿಲ್ಲ. ಗಿರಾಕಿಗಳ ಎದುರಿಗೆ ಡಬ್ಬಿಯನ್ನು ಕೌಂಟರಿನ ಮೇಲೆ ಎಸೆದು, "ಇಂಥದ್ದನ್ನ ಮಾರಿ ಜನರ ಕಾಲು ಮುರೀತೀರಲ್ಲ, ಮಾನ ಮರ್ಯಾದೆ ಇದ್ಯಾ?" ಎಂದು ಕೂಗಾಡಿ ಬಂದರು. ಆ ವಾರವೇ ಅಫ್ಸರ್ ಮನೆಗೆ ಬಂದರು, ಒಂದು ಚೀಲ ಮೋಸಂಬಿ ಹಿಡಿದು. ನಮ್ಮವರು ಒಳಗೆ ಹೋದವರು ಹೊರಗೆ ಬರಲಿಲ್ಲ. ಅಫ್ಸರ್ ಕುರ್ಚಿಯ ತುದಿಯಲ್ಲಿ ಕೂತು ನನ್ನ ಪಟ್ಟಿ ಕಟ್ಟಿದ ಕಾಲನ್ನೇ ನೋಡುತ್ತಿದ್ದರು.

"ನಾನೇ ಕರೆದು ಕೊಟ್ಟೆ ಮೇಡಂ. ಆ ಶೂನೆಲ್ಲ ವಾಪಸ್ ಕಳಿಸ್ತಿದ್ದೀನಿ. ಇನ್ನು ತರಿಸಲ್ಲ."

ಅವರ ಅಂಗಡಿಯ ಶೂನಿಂದ ಒಬ್ಬ ಟೀಚರ ಕಾಲು ಮುರಿಯಿತಂತೆ ಎಂಬುದು ಅಷ್ಟರಲ್ಲಿ ಶಿವಮೊಗ್ಗದ ಓಟಗಾರರ ವಾಟ್ಸಾಪ್ ಗುಂಪುಗಳಲ್ಲೆಲ್ಲ ಸುತ್ತಿತ್ತು.

ಮನೆಯಲ್ಲಿ ಕ್ಯಾಲ್ಸಿಯಂ ಯುಗ ಆರಂಭವಾಯಿತು. ಅತ್ತೆಗೆ ನನ್ನ ಮೇಲೆ ಪ್ರೀತಿ ಇತ್ತು, ಅದನ್ನು ತೋರಿಸಲು ಕೊನೆಗೂ ಒಂದು ದಾರಿ ಸಿಕ್ಕಿತು. ಬೆಳಿಗ್ಗೆ ರಾಗಿ ಅಂಬಲಿ, ಹನ್ನೊಂದಕ್ಕೆ ಹಾಲು, ಮಧ್ಯಾಹ್ನ ನುಗ್ಗೆ ಸೊಪ್ಪಿನ ಪಲ್ಯ, ಸಂಜೆ ಎಳ್ಳುಂಡೆ. ನೋಡಲು ಬಂದವರೂ ಎಳ್ಳುಂಡೆ ತಂದರು. ಬೇಡ ಎಂದರೆ ಅತ್ತೆಯ ಕಣ್ಣು ತುಂಬುತ್ತಿತ್ತು.

"ಮೂಳೆ ಕೂಡ್ಬೇಕು ಅಂದ್ರೆ ತಿನ್ಬೇಕವ್ವ. ಕಣ್ಣು ಮುಚ್ಕೊಂಡು ನುಂಗು."

ನುಂಗಿದೆ. ಮೂಳೆ ಕೂಡಲಿಲ್ಲ. ನಾಲ್ಕು ವಾರಕ್ಕೆ ಹೋದೆ, ಕೂಡಿಲ್ಲ. ಎಂಟು ವಾರಕ್ಕೆ ಹೋದೆ, ಕೂಡಿಲ್ಲ. "ಮಾತ್ರೆ ಸರಿಯಾಗಿ ತಗೋತಿದ್ದೀರಾ?" ಎಂದು ಡಾಕ್ಟರು ನನ್ನನ್ನು ಹೋಮ್‌ವರ್ಕ್ ಮಾಡದ ಹುಡುಗಿಯಂತೆ ನೋಡಿದರು. ಮಾತ್ರೆ ಎರಡಿದ್ದದ್ದು ಮೂರಾಯಿತು. ಅಷ್ಟರಲ್ಲಿ ಹೊಟ್ಟೆ ಹಿಡಿದುಕೊಳ್ಳತೊಡಗಿತು, ವಾಕರಿಕೆ, ಊಟ ಕಂಡರೆ ಆಗದು. ಹೊಟ್ಟೆಯ ಡಾಕ್ಟರ ಹತ್ತಿರ ಹೋದರೆ ಗ್ಯಾಸ್ ಎಂದರು. ರಕ್ತ ಪರೀಕ್ಷೆ ಮಾಡಿಸಿ, ಮೇಲಿಂದ ಮೇಲೆ ಕಣ್ಣಾಡಿಸಿ, "ಎಲ್ಲಾ ಸರಿ ಇದೆ" ಎಂದು ಮಡಚಿ ಕೊಟ್ಟರು. ಅಲ್ಲಿಂದ ಇನ್ನೊಬ್ಬರು. ಅವರು ನನ್ನ ಜೊತೆ ಮಾತೇ ಆಡದೆ ನಮ್ಮವರನ್ನು ಕೇಳಿದರು, "ಮನೇಲಿ ಏನಾದ್ರೂ ಟೆನ್ಷನ್ ಇದೆಯಾ ಸಾರ್?"

"ಇದೆ" ಎಂದೆ ನಾನು. "ನಿಮ್ಮ ಹೊರಗಡೆ ಬೆಂಚಲ್ಲಿ ಮೂರು ಗಂಟೆ ಕೂತಿದ್ದೆ, ಅದೇ ಟೆನ್ಷನ್ನು."

ನಮ್ಮವರು ನನ್ನ ಮೊಣಕೈ ಹಿಸುಕಿದರು. ಚೀಟಿಯಲ್ಲಿ ನಿದ್ದೆ ಮಾತ್ರೆ ಬರೆದಿತ್ತು.

ಆ ದಿನಗಳಲ್ಲಿ ದೊಡ್ಡವರೆಲ್ಲ ಕೈಚೆಲ್ಲಿದಾಗ ಹಿಡಿದು ನಿಲ್ಲಿಸಿದ್ದು ಸಣ್ಣಪುಟ್ಟ ಉಪಕಾರಗಳು. ಒಬ್ಬ ಕಂಡಕ್ಟರು ನನ್ನ ಊರುಗೋಲು ಕಂಡ ಕೂಡಲೇ, "ಮೇಡಮ್ಮೋರ ಕಾಲಿಗೆ ಜಾಗ ಬಿಡ್ರಿ, ತುಳಿದ್ರೆ ನನ್ನ ಕೇಳಬೇಡಿ" ಎಂದು ಇಡೀ ಬಸ್ಸಿಗೆ ಕೇಳುವಂತೆ ಕೂಗುತ್ತಿದ್ದರು. ರಕ್ತ ತೆಗೆಯುವ ಹೆಂಗಸೊಬ್ಬರು, "ಎಷ್ಟು ಕಡೆ ಚುಚ್ಚಿದಾರಮ್ಮ!" ಎಂದು ತೋಳನ್ನು ಒಂದು ನಿಮಿಷ ಸವರಿ, ಒಂದೇ ಸಲಕ್ಕೆ ನರ ಹಿಡಿದರು. ಅವರ ಮುಖ ಮರೆತಿದೆ, ಕೈ ಬೆಚ್ಚಗಿದ್ದದ್ದು ನೆನಪಿದೆ.

ಒಂದು ಮಧ್ಯಾಹ್ನ ಸೆಲ್ವಿ ನನ್ನ ತಲೆಗೆ ಎಣ್ಣೆ ಹಚ್ಚಲು ಬಂದಿದ್ದಳು. ನಾನು ಅಫ್ಸರನ್ನು ಬೈಯುವುದಕ್ಕೆ ಹೊಸ ಆಧಾರ ಬೇಕೆಂದು ಆ ನೋಟ್‌ಬುಕ್ ತೆರೆದು ಕೂತೆ. ಹೊಸ ಶೂನ ಕಾಲಂ: ಐದು ಎಂಟರಿಂದ ಐದು ಇಪ್ಪತ್ತೊಂಬತ್ತು. ವಾರವಾರವೂ ನಿಧಾನ. ಪಕ್ಕದ ಕಾಲಮ್ಮಿನ ಮೇಲೆ ಕಣ್ಣು ಬಿತ್ತು. ಹಳೆಯ ಶೂ: ಐದು ಇಪ್ಪತ್ತರಿಂದ ಐದು ನಲವತ್ತೊಂದು.

ಅದನ್ನು ನಾನು ಆಗಲೂ ನೋಡಿದ್ದೆ, ಹಳೆಯ ಶೂ ತಾನೇ, ಸವೆದಿರುತ್ತದೆ ಎಂದು ಬಿಟ್ಟಿದ್ದೆ. ಈಗ ಕಳೆದು ನೋಡಿದೆ. ಮೊದಲ ವಾರ ವ್ಯತ್ಯಾಸ ಹನ್ನೆರಡು ಸೆಕೆಂಡು. ಮೂರನೇ ವಾರ ಹನ್ನೊಂದು. ಆರನೇ ವಾರ ಹನ್ನೆರಡು.

ಶೂ ತನ್ನ ಕೆಲಸ ಕೊನೆಯವರೆಗೂ ಮಾಡಿತ್ತು. ಕುಸಿಯುತ್ತಿದ್ದದ್ದು ಶೂ ಹಾಕಿಕೊಂಡವಳು. ಇಪ್ಪತ್ತೆರಡು ವರ್ಷದಿಂದ ಮಕ್ಕಳಿಗೆ ಎರಡೂ ಕಾಲಂ ನೋಡಿ ಎಂದು ಹೇಳಿಕೊಟ್ಟವಳು ನಾನು!

"ಸೆಲ್ವಿ, ನನಗೆ ಏನೋ ಆಗಿದೆ" ಎಂದೆ. "ಕಾಲು ಮುರಿಯೋದಕ್ಕೂ ಮೊದಲೇ ಆಗಿದೆ."

ಅವಳು ಎಣ್ಣೆ ಕೈಯಲ್ಲೇ ನೋಟ್‌ಬುಕ್ ಹಿಡಿದು ಎರಡು ಸಲ ನೋಡಿದಳು. "ಟೀಚರಕ್ಕ, ಆ ಡಾಕ್ಟರ್‌ಗಳು ಕೊಟ್ಟ ಪೇಪರ್ ಎಲ್ಲಾ ತಾ. ಅದನ್ನೂ ಹೀಗೇ ನೋಡು."

ಫೈಲು ಬಿಚ್ಚಿ ಹಾಸಿಗೆಯ ಮೇಲೆ ಹರಡಿದೆವು. ಹೊಟ್ಟೆಯ ಡಾಕ್ಟರು ಎಲ್ಲಾ ಸರಿ ಎಂದ ಹಾಳೆಯಲ್ಲಿ, ಕ್ಯಾಲ್ಸಿಯಂ ಎಂಬ ಸಾಲಿನ ಮುಂದೆ ದಪ್ಪದಾಗಿ ಎಚ್ ಅಕ್ಷರ ಮುದ್ರಿಸಿತ್ತು. ಅಂದರೆ ಹೆಚ್ಚು. ಕಾಲೇಜಿನಲ್ಲಿ ಆರೋಗ್ಯ ತಪಾಸಣೆ ನಡೆದಾಗಿನ ಹಾಳೆಯೂ ಅದರಲ್ಲೇ ಇತ್ತು. ಅದು ಶೂ ಕೊಳ್ಳುವುದಕ್ಕೂ ನಾಲ್ಕು ತಿಂಗಳು ಮೊದಲಿನದು. ಅಲ್ಲೂ ಅದೇ ಸಾಲು, ಅದೇ ಎಚ್. ಸಕ್ಕರೆ ಇಲ್ಲ, ಖುಷಿಯಾಗಿರಿ ಎಂದು ಆಗ ಕಳಿಸಿದ್ದರು.

ಊರುಗೋಲು ಕುಟ್ಟುತ್ತ ಮೂಳೆ ಡಾಕ್ಟರ ಹತ್ತಿರ ಹೋಗಿ ಎರಡೂ ಹಾಳೆ ಮುಂದಿಟ್ಟೆ.

"ಕ್ಯಾಲ್ಸಿಯಂ ಮಾತ್ರೆ ತಗೋತಿದ್ದೀರಲ್ಲ, ಅದಕ್ಕೇ ಜಾಸ್ತಿ" ಎಂದರು.

"ಈ ಕಾಲೇಜಿನ ಹಾಳೆ ಮಾತ್ರೆ ಶುರು ಮಾಡೋದಕ್ಕಿಂತ ಮುಂಚಿನದು ಸರ್. ತಾರೀಖು ನೋಡಿ."

ಅವರು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ನ್ಯಾಯವಾಗಿ ಹೇಳಬೇಕೆಂದರೆ ಅವರು ಜಗಳಕ್ಕೆ ಬರಲಿಲ್ಲ. "ಇದನ್ನ ನಾನು ನೋಡಬೇಕಿತ್ತು" ಎಂದರು. ಮಾತ್ರೆ ನಿಲ್ಲಿಸಿ, ವಾರಕ್ಕೊಮ್ಮೆ ಶಿವಮೊಗ್ಗಕ್ಕೆ ಬರುವ ಹಾರ್ಮೋನ್ ಡಾಕ್ಟರಿಗೆ ಚೀಟಿ ಬರೆದುಕೊಟ್ಟರು. ಅಷ್ಟು ತಿಂಗಳಲ್ಲಿ ನನ್ನ ಎದುರು ಡಾಕ್ಟರೊಬ್ಬರು ತಪ್ಪೊಪ್ಪಿಕೊಂಡದ್ದು ಅದೇ ಮೊದಲು. ಬಸ್ಸಿನಲ್ಲಿ ಬರುವಾಗ ಕಿಟಕಿಗೆ ಮುಖ ತಿರುಗಿಸಿ ಅತ್ತುಬಿಟ್ಟೆ.

ಹಾರ್ಮೋನ್ ಡಾಕ್ಟರು ನನ್ನ ವಯಸ್ಸಿನ ಹೆಂಗಸು. ಅವರ ಹೊರಗಿನ ಬೆಂಚಿನಲ್ಲೂ ಮೂರು ಗಂಟೆ ಕೂತೆವು, ಅದರಿಂದ ಯಾರಿಗೂ ಬಿಡುಗಡೆ ಇಲ್ಲ. ಆದರೆ ಒಳಗೆ ಹೋದ ಮೇಲೆ ಅವರು ಪೆನ್ನು ಕೆಳಗಿಟ್ಟು ನನ್ನ ಮಾತು ಕೇಳಿದರು. ನೀರು ಎಷ್ಟು ಕುಡಿಯುತ್ತೀರಿ? ಕ್ಲಾಸಿನಲ್ಲಿ ಮರೆವು ಯಾವಾಗಿನಿಂದ? ನಾನು ಸಂಕೋಚದಿಂದ ಓಟದ ನೋಟ್‌ಬುಕ್ ಕೊಟ್ಟೆ. ಬೆರಳಿಟ್ಟು ಎರಡೂ ಕಾಲಂ ಓದಿದರು.

"ನಿಮ್ಮ ಫೈಲಲ್ಲಿ ಇದಕ್ಕಿಂತ ಒಳ್ಳೆ ರಿಪೋರ್ಟ್ ಇಲ್ಲ" ಎಂದರು.

"ಹಾಗಾದ್ರೆ ಶೂನಿಂದ ಅಲ್ವಾ ಡಾಕ್ಟ್ರೇ?" ನಮ್ಮವರ ದನಿ ಕುಗ್ಗಿತ್ತು.

"ಗಟ್ಟಿ ಶೂ ಹಾಕಿದ್ರೆ ಪಾದಕ್ಕೆ ಭಾರ ಬೇರೆ ಥರ ಬೀಳುತ್ತೆ, ಅದು ನಿಜ. ಆದ್ರೆ ಗಟ್ಟಿ ಮೂಳೆ ಹೀಗೆ ಮುರಿಯಲ್ಲ. ಇವರ ಮೂಳೆಯಿಂದ ಕ್ಯಾಲ್ಸಿಯಂ ಕರಗಿ ರಕ್ತಕ್ಕೆ ಬರ್ತಾ ಇದೆ. ನೀರಡಿಕೆ, ಮರೆವು, ಸುಸ್ತು ಎಲ್ಲಾ ಅದ್ರಿಂದಾನೇ. ನೀವು ಮೇಲಿಂದ ಇನ್ನಷ್ಟು ಸುರೀತಿದ್ರಿ."

ಎಳ್ಳುಂಡೆಗಳೆಲ್ಲ ಕಣ್ಣ ಮುಂದೆ ಸಾಲಾಗಿ ಬಂದವು.

ಮತ್ತೆ ರಕ್ತ, ಮತ್ತೆ ಬೆಂಚು, ಮಂಗಳೂರಿಗೆ ಹೋಗಿ ಒಂದು ಸ್ಕ್ಯಾನ್. ಕುತ್ತಿಗೆಯಲ್ಲಿ, ರಕ್ತದ ಕ್ಯಾಲ್ಸಿಯಂ ಹತೋಟಿಯಲ್ಲಿಡುವ, ನಾನು ಹೆಸರೂ ಕೇಳಿರದ ಪುಟ್ಟ ಗ್ರಂಥಿಯೊಂದು ಅಕ್ಕಿಕಾಳಿನಷ್ಟಿರಬೇಕಾದದ್ದು ಹುಣಸೆ ಬೀಜದಷ್ಟು ಊದಿಕೊಂಡಿತ್ತು. ಅದನ್ನು ಗಡ್ಡೆ ಎಂದರು. ಕ್ಯಾನ್ಸರ್ ಅಲ್ಲ ಎಂದೂ ಹೇಳಿದರು, ಆದರೆ ಮನೆಗೆ ತಲುಪುವುದರೊಳಗೆ ಆ ಎರಡನೆಯ ಮಾತು ಎಲ್ಲೋ ಬಿದ್ದುಹೋಗಿತ್ತು. ಅತ್ತೆ ದೇವರ ಮನೆಯಲ್ಲಿ ಕೂತು ಬಿಕ್ಕುತ್ತಿದ್ದರು. ಹತ್ತಿರ ಹೋದರೆ ನನ್ನ ಕೈ ಹಿಡಿದುಕೊಂಡರು.

"ನಾನೇ ವಿಷ ತಿನ್ನಿಸಿದ ಹಾಗಾಯ್ತಲ್ಲವ್ವ."

"ಹಾಗಂದ್ರೆ ಊರಿಗೆ ಊರೇ ಜೈಲಿಗೆ ಹೋಗ್ಬೇಕು ಅತ್ತೆ, ಎಳ್ಳುಂಡೆ ತಂದೋರೆಲ್ಲ" ಎಂದೆ. ಅವರು ಅಳುತ್ತಲೇ ನಕ್ಕರು.

ಗ್ರಂಥಿ ತೆಗೆಯಬೇಕು, ಅದೊಂದೇ ದಾರಿ. ಶಸ್ತ್ರಚಿಕಿತ್ಸೆಗೆ ಮುಂಚೆ ಸರ್ಜನ್ ಸಹಿ ಹಾಕಿಸಿಕೊಳ್ಳುವಾಗ ಒಂದು ಮಾತು ಹೇಳಿದರು. ದನಿಯ ನರ ಅದರ ಪಕ್ಕದಲ್ಲೇ ಹಾದುಹೋಗುತ್ತದೆ, ಬಹಳ ಅಪರೂಪಕ್ಕೆ ದನಿ ಒಡೆಯಬಹುದು. ಕಾಲು ಮುರಿದಾಗ, ಗಡ್ಡೆ ಎಂದಾಗ ಆಗದ ಭಯ ಆಗ ಆಯಿತು. ಎಂಬತ್ತು ಮಕ್ಕಳ ಕ್ಲಾಸಿನಲ್ಲಿ ಕೊನೆಯ ಬೆಂಚಿಗೆ ಮೈಕಿಲ್ಲದೆ ಕೇಳಿಸುವ ದನಿ ನನ್ನದು. ಅದಿಲ್ಲದೆ ನಾನು ಯಾರು? ಎರಡು ದಿನ ಯಾರಿಗೂ ಹೇಳದೆ ಬಾತ್‌ರೂಮಿನಲ್ಲಿ ನಿಂತು ಜೋರಾಗಿ ಮಗ್ಗಿ ಹೇಳಿದೆ, ಸುಮ್ಮನೆ, ದನಿ ಹೇಗಿದೆ ಎಂದು ಕೇಳಿಸಿಕೊಳ್ಳಲು.

ಎಚ್ಚರವಾದಾಗ ಗಂಟಲು ಉರಿಯುತ್ತಿತ್ತು, ಕುತ್ತಿಗೆಗೆ ಬ್ಯಾಂಡೇಜು. ಮಂಚದ ಪಕ್ಕ ನಮ್ಮವರು ಕೂತಿದ್ದರು, ಎರಡು ದಿನದ ಗಡ್ಡ. ಬಾಯಿ ತೆರೆಯಲು ಧೈರ್ಯವಾಗಲಿಲ್ಲ. ಆಮೇಲೆ ಮೆಲ್ಲಗೆ, "ಹದಿನೇಳೊಂದ್ಲೆ ಹದಿನೇಳು" ಎಂದೆ. ಒರಟಾಗಿತ್ತು, ಆದರೆ ನನ್ನದೇ. "ಹದಿನೇಳೆರಡ್ಲೆ ಮೂವತ್ನಾಲ್ಕು."

ನಮ್ಮವರು ಗಾಬರಿಯಾಗಿ ಹೊರಗೆ ಓಡಿದರು. "ಸಿಸ್ಟರ್, ಬೇಗ ಬನ್ನಿ, ಇವಳು ಏನೇನೋ ಮಾತಾಡ್ತಿದ್ದಾಳೆ!"

ನರ್ಸು ಬರುವ ಹೊತ್ತಿಗೆ ನಾನು ಹದಿನೇಳೈದ್ಲೆ ಎಂಬತ್ತೈದಕ್ಕೆ ಬಂದಿದ್ದೆ. ಆ ಹುಡುಗಿ ನಗು ತಡೆದುಕೊಂಡು, "ಲೆಕ್ಕ ಸರಿಯಾಗೇ ಇದೆ ಸಾರ್" ಎಂದಳು.

ಮರುದಿನ ಬೆಳಿಗ್ಗೆ ರೌಂಡ್ಸಿಗೆ ಬಂದ ಡಾಕ್ಟರು, ಈಗ ಕ್ಯಾಲ್ಸಿಯಂ ಕೆಳಗಿಳಿದಿದೆ, ಖಾಲಿಯಾದ ಮೂಳೆಗಳೆಲ್ಲ ಹೀರಿಕೊಳ್ಳುತ್ತಿವೆ, ಕೆಲವು ವಾರ ದಿನಕ್ಕೆ ಮೂರು ಕ್ಯಾಲ್ಸಿಯಂ ಮಾತ್ರೆ ತಗೊಳ್ಳಬೇಕು ಎಂದರು. ನಾನು ಮುಖ ಮುಚ್ಚಿಕೊಂಡೆ. ಫೋನಿನಲ್ಲಿ ಅತ್ತೆ ಇದನ್ನು ಎರಡು ಸಲ ಹೇಳಿಸಿಕೊಂಡು, ಆಮೇಲೆ ಬಹಳ ಹುಷಾರಾಗಿ ಕೇಳಿದರು, "ಅಂದ್ರೆ, ಎಳ್ಳು ಹುರೀಬಹುದಾ?"

ಪಾದದ ಮೂಳೆ ಎರಡು ತಿಂಗಳಿಗೆ ಕೂಡಿತು. ಅದಕ್ಕಿಂತ ಮೊದಲು ಹಿಂದಿರುಗಿದ್ದು ತಲೆ. ಬೋರ್ಡಿನ ಮೇಲೆ ಒಂದು ದೊಡ್ಡ ಸಮೀಕರಣವನ್ನು ಆರಂಭದಿಂದ ಕೊನೆಯವರೆಗೆ ನಿಲ್ಲದೆ ಬಿಡಿಸಿದ ದಿನ, ಮಕ್ಕಳಿಗೆ ಅದರ ಬೆಲೆ ಗೊತ್ತಾಗಲಿಲ್ಲ, ನಾನು ಮಾತ್ರ ಸ್ವಲ್ಪ ಹೊತ್ತು ಅದನ್ನು ಅಳಿಸದೆ ಬಿಟ್ಟೆ.

ಒಂದು ಕೆಲಸ ಬಾಕಿ ಇತ್ತು. ನಾನು ಹೇಳುವುದಕ್ಕೆ ಮೊದಲೇ ನಮ್ಮವರು, "ಶಿವಮೊಗ್ಗಕ್ಕೆ ಹೋಗಿಬರೋಣ" ಎಂದರು. ಅಫ್ಸರ್ ಅಂಗಡಿಯಲ್ಲಿ ಆಗಲೂ ನಾಲ್ಕಾರು ಗಿರಾಕಿಗಳಿದ್ದರು. ಅವರು ಹೋಗಲಿ ಎಂದು ನಾನು ಬಾಗಿಲಲ್ಲೇ ನಿಂತೆ. ನಮ್ಮವರು ಕಾಯಲಿಲ್ಲ.

"ಅಫ್ಸರ್, ಅವತ್ತು ಎಲ್ಲರ ಮುಂದೆ ಕೂಗಾಡಿದ್ದೆ. ಇವತ್ತೂ ಎಲ್ಲರ ಮುಂದೆ ಹೇಳ್ತೀನಿ. ಶೂ ಸರಿಯಾಗೇ ಇತ್ತು. ಇವಳಿಗೆ ಕಾಯಿಲೆ ಇತ್ತು, ನಮಗೆ ಗೊತ್ತಾಗಲಿಲ್ಲ. ತಪ್ಪು ನಂದು."

ಅಫ್ಸರ್ ಕೌಂಟರಿನಿಂದ ಹೊರಗೆ ಬಂದು ಅವರ ಕೈ ಹಿಡಿದರು. "ಶೂ ಹೋಗ್ಲಿ ಬಿಡಿ ಸಾರ್. ಮೇಡಂ ಆರಾಮಾಗಿದ್ದಾರಲ್ಲ?" ಎಂದು, ನನ್ನ ಕಡೆ ತಿರುಗಿ, "ಮುಖ ಈಗ ಸರಿ ಇದೆ" ಎಂದರು.

ಇಷ್ಟೆಲ್ಲ ಆದ ಮೇಲೆ ನನಗೆ ಹೇಳಲಿಕ್ಕಿರುವುದು ಬಹಳ ಇಲ್ಲ. ನಿಮ್ಮ ಹಾಳೆಗಳನ್ನು ನೀವೇ ಒಮ್ಮೆ ಓದಿ. ಅರ್ಥವಾಗದಿದ್ದರೆ ಕೇಳಿ. ಉತ್ತರ ಕೊಡುವವರು ನಿಮ್ಮನ್ನು ಬಿಟ್ಟು ನಿಮ್ಮ ಗಂಡನ ಮುಖ ನೋಡಿದರೆ, ಇನ್ನೂ ಸ್ವಲ್ಪ ಜೋರಾಗಿ ಕೇಳಿ. ಬೇಸರವಾಗುತ್ತದೆ, ರೇಗುತ್ತದೆ, ಬೆಂಚು ಗಟ್ಟಿಯಾಗಿರುತ್ತದೆ. ಆದರೂ ಕೇಳಿ.

ಈಗ ಮತ್ತೆ ಓಡುತ್ತಿದ್ದೇನೆ. ಮೂರು ಕಿಲೋಮೀಟರ್, ನಿಧಾನವಾಗಿ. ಎರಡು ಗಂಟೆಯ ಆಸೆ ಇನ್ನೂ ಸತ್ತಿಲ್ಲ, ಆದರೆ ಅದಕ್ಕೆ ಅವಸರವಿಲ್ಲ. ಸದ್ಯದ ತೊಂದರೆ ಬೇರೆಯೇ. ಆರು ವರ್ಷದಲ್ಲಿ ಒಂದು ದಿನವೂ ನನ್ನ ಓಟ ನೋಡಲು ಬಾರದ ನಮ್ಮವರು ಈಗ ದಿನಾ ಬೆಳಿಗ್ಗೆ ಸ್ಕೂಟರಿನಲ್ಲಿ ನನ್ನ ಹಿಂದೆ ಹತ್ತು ಮಾರು ದೂರದಲ್ಲಿ ಗುರ್ ಗುರ್ ಎನ್ನುತ್ತ ಬರುತ್ತಾರೆ. ಮುಂದಿನ ಬುಟ್ಟಿಯಲ್ಲಿ ನೀರಿನ ಬಾಟಲಿ, ಕೊಡೆ, ಒಂದು ಟವೆಲ್ಲು. ಸೆಲ್ವಿಗೆ ನಕ್ಕು ನಕ್ಕು ಓಡಲಾಗುವುದಿಲ್ಲ.

ನಿನ್ನೆ ತಾಳ್ಮೆ ತಪ್ಪಿ ನಿಂತು ತಿರುಗಿದೆ. "ರೀ, ನನಗೇನೂ ಆಗಲ್ಲ. ದಯವಿಟ್ಟು ಮನೆಗೆ ಹೋಗಿ."

"ನಾನೆಲ್ಲಿ ನಿನ್ನ ಹಿಂದೆ ಬರ್ತಿದ್ದೀನಿ ಮಾರಾಯ್ತಿ? ಹಾಲು ತರೋಕೆ ಹೊರಟಿದ್ದೀನಿ."

"ಹಾಲಿನ ಬೂತ್ ಆ ಕಡೆ ಇರೋದು."

"ಈ ಕಡೆಯಿಂದಾನೂ ಹೋಗಬಹುದು" ಎಂದು ಮರಗಳ ಕಡೆ ನೋಡಿದರು.

ನಾನು ತಿರುಗಿ ವೇಗ ಹೆಚ್ಚಿಸಿದೆ. ಹಿಂದೆ ಸ್ಕೂಟರಿನ ಸದ್ದೂ ಸ್ವಲ್ಪ ಹೆಚ್ಚಾಯಿತು.